ಆರು ಕ್ಯಾರಿಯರ್‌ಗಳ ಪೆಟ್ಟಿಗೆ

ಮುನಿಯಕ್ಕನ ಪಾಲಿಗೆ ಬಂದಿರುವುದು ಜಯನಗರ ಒಂಬತ್ತನೇ ಬ್ಲಾಕಿನ ನಾಲ್ಕು ಕ್ರಾಸುಗಳು ಮತ್ತು ಒಂದು ಪಾರ್ಕಿನ ಸುತ್ತಲಿನ ಫುಟ್‌ಪಾತು. ಹತ್ತೊಂಬತ್ತು ವರ್ಷದಿಂದ ಅವಳು ಅಷ್ಟನ್ನೇ ಗುಡಿಸುತ್ತಿದ್ದಾಳೆ. ಸುದ್ದಗುಂಟೆಪಾಳ್ಯದ ಮನೆಯಿಂದ ಐದೂವರೆಗೆ ಹೊರಟು, ನಡೆದುಕೊಂಡೇ ಬಂದು, ಆರೂಕಾಲಿಗೆ ಪಾರ್ಕಿನ ಗೇಟಿನ ಮುಂದೆ ನಿಲ್ಲುತ್ತಾಳೆ. ಮೇಸ್ತ್ರಿ ರವಿಕಿರಣ್ ಮೊಬೈಲನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದು ಹಾಜರಿ ಹಾಕಿಕೊಂಡ ಮೇಲೆ ಕೆಲಸ ಶುರು. ಆ ರಸ್ತೆಗಳಲ್ಲಿ ಮಳೆಮರಗಳು ಜಾಸ್ತಿ. ಮಳೆಮರದ ಎಲೆ ತೀರಾ ಸಣ್ಣದು, ಒದ್ದೆಯಾದರೆ ಟಾರಿಗೆ ಅಂಟಿಕೊಂಡು ಪೊರಕೆಗೆ ಸಿಗುವುದೇ ಇಲ್ಲ. ಒಂದು ತುದಿಯಿಂದ ಗುಡಿಸಿಕೊಂಡು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲು ಗುಡಿಸಿದ ಕಡೆ ಮತ್ತೆ ಉದುರಿರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ನೋಡಿ ಅವಳಿಗೆ ಅಳು ಬರುತ್ತಿತ್ತಂತೆ. ಈಗ ತಿರುಗಿ ನೋಡುವುದಿಲ್ಲ.

ವಯಸ್ಸು ಐವತ್ತೈದು. ಎಡಸೊಂಟದಲ್ಲಿ ನೋವು, ಬಲಭುಜ ಎತ್ತಿದರೆ ಒಳಗೆಲ್ಲೋ ಕಟಕ್ಕೆನ್ನುತ್ತದೆ. ಗಂಡ ಯಲ್ಲಯ್ಯ ಮೊಸಾಯಿಕ್ ನೆಲಕ್ಕೆ ಪಾಲಿಶ್ ಮಾಡುತ್ತಿದ್ದವನು. ಮೂವತ್ತು ವರ್ಷ ಬನಶಂಕರಿ, ಜೆ.ಪಿ. ನಗರದ ಮನೆಗಳ ಮೂಲೆಮೂಲೆಯನ್ನು ಕುಕ್ಕರಗಾಲಲ್ಲಿ ಕೂತು ಉಜ್ಜಿದ್ದಕ್ಕೆ ಕಲ್ಲಿನ ಧೂಳು ಎದೆಯಲ್ಲಿ ಉಳಿದುಹೋಯಿತು. ಅಷ್ಟರಲ್ಲಿ ಎಲ್ಲ ಮನೆಗಳಿಗೂ ಟೈಲ್ಸ್ ಬಂದು ಅವನ ಕೆಲಸವೂ ಮುಗಿದಿತ್ತು. ಆರು ವರ್ಷದಿಂದ ಅವನು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಬೀದಿಯ ತುದಿಯ ನಲ್ಲಿಯವರೆಗೆ ನಡೆದರೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕು. ಒಬ್ಬಳೇ ಮಗಳು ಶಾಲಿನಿ ಮದುವೆಯಾಗಿ ತಲಘಟ್ಟಪುರದಲ್ಲಿದ್ದಾಳೆ. ಮನೆಯೆಂದರೆ ಒಂದು ಕೋಣೆ, ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಯಲ್ಲಯ್ಯನ ಔಷಧಿಗಳು.

ಪಾರ್ಕಿನ ಗೇಟಿನಲ್ಲಿ ಹಾಜರಿ ಹಾಕುವ ಹೆಂಗಸರು ಒಟ್ಟು ಆರು ಜನ. ಹತ್ತೂವರೆಗೆ ಅರ್ಧ ಗಂಟೆ ಊಟದ ಬಿಡುವು. ಅಲ್ಲಿಯವರೆಗೆ ಊಟದ ಕ್ಯಾರಿಯರ್ ಇಡಲು ಜಾಗವಿರಲಿಲ್ಲ. ಕವರಿನಲ್ಲಿ ಕಟ್ಟಿ ಪಾರ್ಕಿನ ಕಂಬಿಗೆ ನೇತುಹಾಕಿ ಹೋಗುತ್ತಿದ್ದರು. ಕಾಗೆ ಕುಕ್ಕುವುದು, ನಾಯಿ ನೆಗೆದು ಎಳೆಯುವುದು ಇದ್ದದ್ದೇ. ಅದು ನೋಡಲು ಚೆನ್ನಾಗಿಲ್ಲ ಎಂದು ವಾಕಿಂಗ್ ಬರುವವರು ಒಂದಿಬ್ಬರು ಹೇಳಿದ್ದೂ ಉಂಟು.

ಹೋದ ವರ್ಷದ ನವೆಂಬರಿನಲ್ಲಿ ಒಂದು ದಿನ ನಾಯಿಗಳು ಲಕ್ಷ್ಮಿದೇವಮ್ಮನ ಕವರನ್ನು ಎಳೆದುಹಾಕಿದವು. ಲಕ್ಷ್ಮಿದೇವಮ್ಮ ಮುನಿಯಕ್ಕನ ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು, ಪಕ್ಕದ ಕ್ರಾಸು ಅವಳದು. ಸಕ್ಕರೆ ಕಾಯಿಲೆ ಇತ್ತು. ಬೆಳಗ್ಗೆ ಇಂಜೆಕ್ಷನ್ ಚುಚ್ಚಿಕೊಂಡು ಬರುತ್ತಿದ್ದಳು. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ. ಆ ದಿನ ಮಣ್ಣಿನಲ್ಲಿ ಚೆಲ್ಲಿದ ಮುದ್ದೆ ಸಾರನ್ನು ಅವಳೇ ಗುಡಿಸಿ ತೆಗೆದು, ಯಾರಿಗೂ ಏನೂ ಹೇಳದೆ ತನ್ನ ಕ್ರಾಸಿಗೆ ವಾಪಸು ಹೋದಳು. ಉಳಿದವರು ಊಟಕ್ಕೆ ಕೂತಾಗ ಅವಳೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಮನೆಗೆ ಹೋಗಿಬರುತ್ತಾಳೇನೋ ಎಂದುಕೊಂಡರು. ಹನ್ನೊಂದೂಕಾಲಿಗೆ ಅವಳು ಫುಟ್‌ಪಾತಿನ ಅಂಚಿಗೆ ಹಣೆ ತಗುಲಿಸಿಕೊಂಡು ಬಿದ್ದಳು.

ಮೊದಲು ನೋಡಿದವಳು ಮುನಿಯಕ್ಕ. ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಹನುಮಯ್ಯ ತನ್ನ ಫ್ಲಾಸ್ಕಿನ ಟೀಗೆ ಎದುರು ಮನೆಯಿಂದ ಸಕ್ಕರೆ ಕೇಳಿ ತಂದು ಹಾಕಿ ಕುಡಿಸಿದ. ಅರ್ಧ ಗಂಟೆಯ ಮೇಲೆ ಲಕ್ಷ್ಮಿದೇವಮ್ಮ ಪೂರ್ತಿ ಕಣ್ಣು ಬಿಟ್ಟಳು. ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಆಟೋದಲ್ಲಿ ಮನೆಗೆ ಬಿಡುವಾಗ ಮುನಿಯಕ್ಕ ಒಂದೇ ಮಾತು ಕೇಳಿದಳು.

“ನನ್ ಕ್ಯಾರಿಯರ್‌ನಲ್ಲಿ ಇತ್ತಲ್ಲೇ. ಯಾಕ್ ಹೇಳ್ಲಿಲ್ಲ?”

“ನೀನೂ ಗುಡ್ಸಿ ಸುಸ್ತಾಗಿರ್ತೀಯ,” ಎಂದಳು ಲಕ್ಷ್ಮಿದೇವಮ್ಮ.

ಮರುದಿನ ಮುನಿಯಕ್ಕ ಮೇಸ್ತ್ರಿಯ ಹತ್ತಿರ ಊಟ ಇಡಲು ಏನಾದರೂ ವ್ಯವಸ್ಥೆ ಮಾಡಿಸಿ ಎಂದು ಕೇಳಿದಳು. ರವಿಕಿರಣ್ ಕೆಟ್ಟವನೇನಲ್ಲ. ಮೇಲಿನವರಿಗೆ ಎಷ್ಟೋ ಸಲ ಹೇಳಿದ್ದೇನೆ ಎಂದ. ಕೆಲಸದ ಪುಸ್ತಕವನ್ನು ತನ್ನ ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಬರೆಯುತ್ತಿದ್ದವನು ತಲೆ ಎತ್ತದೆ, “ನಂಗೇ ಕೂರಕ್ಕೆ ಜಾಗ ಇಲ್ಲ ಅಕ್ಕ,” ಎಂದ. ಅದೂ ನಿಜವೇ ಆಗಿತ್ತು.

ಡಿಸೆಂಬರಿನಲ್ಲಿ ಮುನಿಯಕ್ಕನ ಎರಡನೇ ಕ್ರಾಸಿನ ಹಳೆಯ ಮನೆಯೊಂದನ್ನು ಕೆಡವಲು ಖಾಲಿ ಮಾಡುತ್ತಿದ್ದರು. ಮನೆಯವರು ಶಾಂತಲಾ ಎಂಬ ಬ್ಯಾಂಕಿನ ಮೇಡಂ. ಅವರ ತಂದೆ ಫ್ಯಾಕ್ಟರಿಯಿಂದ ರಿಟೈರಾದ ಮೇಲೆ ಹಿತ್ತಲ ಶೆಡ್ಡಿನಲ್ಲಿ ಮರಗೆಲಸ ಮಾಡಿಕೊಂಡಿದ್ದವರು, ತೀರಿಹೋಗಿ ಏಳೆಂಟು ವರ್ಷವಾಗಿತ್ತು. ಶೆಡ್ಡಿನ ಸಾಮಾನೆಲ್ಲ ಗೇಟಿನ ಹೊರಗೆ ಬಂದು ಬಿದ್ದಿತ್ತು. ಒಂದು ಕ್ಯಾನ್ವಾಸ್ ಚೀಲದಲ್ಲಿ ಗರಗಸ, ಉಳಿಗಳು, ಕೀಸುಳಿ, ಮರದ ಕೊಡತಿ, ಮೂಲೆಮಟ್ಟ. ಜೊತೆಗೆ ಬಿಚ್ಚಿಹಾಕಿದ ಹಲಸಿನ ಮರದ ಹಳೇ ಮಂಚ. ಅದರ ತಲೆಕಡೆಯ ಹಲಗೆ ಮೊಳಕ್ಕಿಂತ ತುಸು ಕಡಿಮೆ ಅಗಲ, ಹೆಬ್ಬೆರಳ ದಪ್ಪ, ಎಲ್ಲೂ ಹುಳು ಹಿಡಿದಿರಲಿಲ್ಲ. ಮುನಿಯಕ್ಕ ಗೇಟಿನ ಹತ್ತಿರ ನಿಂತು ಹಲಗೆಗಳನ್ನು ಕೇಳಿದಳು. ಸೌದೆಗಾ ಎಂದು ಮೇಡಂ ಕೇಳಿದರು. ಅಲ್ಲ, ಊಟ ಇಡಲು ಒಂದು ಪೆಟ್ಟಿಗೆ ಮಾಡಿಸಬೇಕು ಎಂದಳು. ಮೇಡಂ, ಹಾಗಾದರೆ ಈ ಚೀಲವನ್ನೂ ತೆಗೆದುಕೊಂಡು ಹೋಗಿ, ನಾನಿದನ್ನು ಗುಜರಿಗೆ ಹಾಕುವವಳಿದ್ದೆ ಎಂದರು. ಮುನಿಯಕ್ಕ ಅದನ್ನೆಲ್ಲ ಕಸದ ತಳ್ಳುಗಾಡಿಯಲ್ಲಿ ಹೇರಿಕೊಂಡು ಹನುಮಯ್ಯನ ಇಸ್ತ್ರಿ ಗಾಡಿಯ ಹಿಂದೆ ಇಟ್ಟು, ಮಧ್ಯಾಹ್ನ ಆಟೋದಲ್ಲಿ ಮನೆಗೆ ತಂದಳು.

ಅವಳಿಗೆ ಪೆಟ್ಟಿಗೆ ಮಾಡುವ ಯೋಚನೆ ಇರಲಿಲ್ಲ. ಮಾಡಿಸುವ ಯೋಚನೆ ಇತ್ತು, ಅಷ್ಟೆ. ಸುದ್ದಗುಂಟೆಪಾಳ್ಯದಲ್ಲೇ ಎರಡು ಬೀದಿ ಆಚೆ ಪಿಳ್ಳಪ್ಪನ ಮರದ ಅಂಗಡಿ. ಪಿಳ್ಳಪ್ಪ ಅರವತ್ತು ದಾಟಿದವನು, ಈಗ ಪ್ಲೈವುಡ್ಡಿನ ಅಡುಗೆಮನೆ ಕಪಾಟುಗಳನ್ನು ಬಿಟ್ಟು ಬೇರೆ ಕೆಲಸ ಮಾಡುವುದಿಲ್ಲ. ಹಲಗೆಯನ್ನು ಉಗುರಿನಿಂದ ಗೀಚಿ ನೋಡಿದ, ಒಳ್ಳೇ ಮರ ಎಂದ. ಆಮೇಲೆ ಅಂಗೈಯಿಂದ ಸವರಿ, ಇದರೊಳಗೆ ಮುರಿದ ಮೊಳೆಗಳಿವೆ, ಮೆಷಿನ್‌ಗೆ ಕೊಟ್ಟರೆ ಬ್ಲೇಡು ಹೋಗುತ್ತದೆ, ಕೈಯಲ್ಲೇ ಮಾಡಬೇಕು, ಕೈಯಲ್ಲಿ ಮಾಡುವವರು ಈಗ ಯಾರಿದ್ದಾರೆ ಎಂದ. ತನಗೆ ಯುಗಾದಿಯವರೆಗೆ ಪುರುಸೊತ್ತಿಲ್ಲ ಎಂದೂ ಹೇಳಿದ. ಮುನಿಯಕ್ಕ ಹಲಗೆಗಳನ್ನು ಮತ್ತೆ ಕಟ್ಟತೊಡಗಿದಳು. ಆಗ ಅವನು ಚೀಲದ ಬಾಯಿ ಬಿಚ್ಚಿ ಒಂದು ಉಳಿ ತೆಗೆದು ಬೆಳಕಿಗೆ ಹಿಡಿದ. ತುಕ್ಕು ಹಿಡಿದಿತ್ತು. ಹಿಡಿ ಬೀಟೆಯದು. ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

“ಇದೆಲ್ಲ ಇಟ್ಕೊಂಡು ನನ್ ಹತ್ರ ಯಾಕ್ ಬಂದೆ? ನೀನೇ ಮಾಡು. ಮೂರು ಗಂಟೆ ಮೇಲೆ ಹಿಂದ್ಗಡೆ ಜಾಗ ಖಾಲಿ ಇರತ್ತೆ. ಹೇಳ್ಕೊಡ್ತೀನಿ, ಕೈ ಮಾತ್ರ ಹಾಕಲ್ಲ.”

ತಮಾಷೆಗೆ ಹೇಳಿದನೋ ನಿಜಕ್ಕೋ ಅವಳಿಗೆ ತಿಳಿಯಲಿಲ್ಲ. ಮೊದಲು ಇವನ್ನು ಹರಿತ ಮಾಡಿಸಿಕೊಂಡು ಬಾ ಎಂದು ಚೀಲವನ್ನು ಅವಳ ಕೈಗೆ ಕೊಟ್ಟ.

ಹರಿತ ಮಾಡಿಸುವುದೆಲ್ಲಿ ಎಂದು ಯೋಚಿಸುತ್ತ ಅವಳು ಮನೆಗೆ ಬಂದಳು. ಯಲ್ಲಯ್ಯ ಮೆಟ್ಟಿಲ ಮೇಲಿದ್ದ. ಏನದು ಎಂದು ಕೇಳಿದ, ಅವಳು ಹೇಳಿದಳು. ಅವಳು ಅನ್ನಕ್ಕಿಟ್ಟು ಹೊರಗೆ ಬಂದು ನೋಡಿದರೆ, ಅವನು ತಮ್ಮ ಮಂಚದ ಕೆಳಗೆ ಆರು ವರ್ಷದಿಂದ ಬಿದ್ದಿದ್ದ ಪಾಲಿಶ್ ಕಲ್ಲುಗಳ ಡಬ್ಬವನ್ನು ಎಳೆದುಕೊಂಡು ಬಂದಿದ್ದ. ಒರಟು ಕಲ್ಲಿನಿಂದ ನುಣುಪು ಕಲ್ಲಿನವರೆಗೆ ಸಾಲಾಗಿ ಜೋಡಿಸಿ, ಮಗ್ಗಿನಲ್ಲಿ ನೀರಿಟ್ಟುಕೊಂಡು, ಉಳಿಯ ಬಾಯಿಯನ್ನು ಕಲ್ಲಿನ ಮೇಲೆ ಒರಗಿಸಿ ಮೆಲ್ಲಗೆ ತಿಕ್ಕುತ್ತಿದ್ದ. ನೀರು ಹಾಕಿ ತಿಕ್ಕಿದರೆ ಧೂಳು ಏಳುವುದಿಲ್ಲ. ಹತ್ತು ಸಲ ತಿಕ್ಕುವುದು, ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು. ನಾಲ್ಕು ಉಳಿಗೆ ನಾಲ್ಕು ದಿನ ಹಿಡಿಯಿತು. ಕೀಸುಳಿಯ ಅಲಗಿಗೆ ಇನ್ನೂ ಎರಡು ದಿನ. ಐದನೇ ದಿನ ಮುನಿಯಕ್ಕ ಬಂದಾಗ ಅವನ ಎಡಗೈಯ ಮೇಲೆ ಒಂದಿಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಹರಿತವನ್ನು ಅಲ್ಲಿ ನೋಡಿಕೊಂಡಿದ್ದ. ಗರಗಸ ಮಾತ್ರ ತನಗೆ ಬರುವುದಿಲ್ಲ ಎಂದ. ಅದಕ್ಕೆ ಪಿಳ್ಳಪ್ಪನೇ ಅರ ಹಾಕಿಕೊಟ್ಟ.

ಜನವರಿಯಲ್ಲಿ ಕೆಲಸ ಶುರುವಾಯಿತು. ಎರಡೂವರೆಗೆ ರಸ್ತೆಯ ಕೆಲಸ ಮುಗಿಸಿ, ಮನೆಗೆ ಬಂದು ಯಲ್ಲಯ್ಯನಿಗೆ ಉಣ್ಣಲು ಕೊಟ್ಟು, ಮೂರೂವರೆಗೆ ಪಿಳ್ಳಪ್ಪನ ಅಂಗಡಿಯ ಹಿತ್ತಲಿಗೆ. ಐದಕ್ಕೆ ವಾಪಸು, ನೀರು ಹಿಡಿಯುವ ಹೊತ್ತು. ಮರದ ಹೊಟ್ಟು ಯಲ್ಲಯ್ಯನ ಎದೆಗೆ ಆಗದು, ಆದ್ದರಿಂದ ಮನೆಯಲ್ಲಿ ಮಾಡುವ ಹಾಗಿರಲಿಲ್ಲ. ಮನೆಗೆ ಬರುವ ಮೊದಲು ಬೀದಿಯಲ್ಲೇ ಸೀರೆ ಕೊಡವಿಕೊಂಡು, ಕೈಕಾಲು ತೊಳೆದು ಒಳಗೆ ಬರುತ್ತಿದ್ದಳು.

ಮೊದಲ ವಾರ ಬರೀ ಮೊಳೆ ಕೀಳುವುದೇ ಆಯಿತು. ತಲೆ ಮುರಿದ ಮೊಳೆಯ ಸುತ್ತ ಉಳಿಯಿಂದ ಕೆತ್ತಿ, ಇಕ್ಕಳಕ್ಕೆ ಸಿಗುವಷ್ಟು ಮೇಲೆ ಬಂದ ಮೇಲೆ ಎಳೆಯಬೇಕು. ಆಮೇಲೆ ಅಳತೆ. ಪಿಳ್ಳಪ್ಪ ಟೇಪ್ ಕೊಟ್ಟ. ಮುನಿಯಕ್ಕ ಓದಿದ್ದು ಮೂರನೇ ಕ್ಲಾಸು, ಟೇಪಿನ ಸಣ್ಣ ಗೆರೆಗಳು ಕಣ್ಣಿಗೂ ಹಿಡಿಯುತ್ತಿರಲಿಲ್ಲ. ಅವಳು ಹಿಂದಿನ ದಿನವೇ ಊಟದ ಹೊತ್ತಿನಲ್ಲಿ ಆರು ಕ್ಯಾರಿಯರ್‌ಗಳನ್ನು ಫುಟ್‌ಪಾತಿನ ಮೇಲೆ ಎರಡು ಸಾಲಾಗಿ ಜೋಡಿಸಿ, ಪೊರಕೆಯ ಕೋಲಿನ ಮೇಲೆ ಉದ್ದ, ಅಗಲ, ಎತ್ತರ ಮೂರಕ್ಕೂ ಗುರುತು ಮಾಡಿಕೊಂಡು ಬಂದಿದ್ದಳು. ಪಿಳ್ಳಪ್ಪ ಕೋಲನ್ನು ನೋಡಿ, ಪರವಾಗಿಲ್ಲ, ಇದರಲ್ಲಿ ತಪ್ಪು ಕಮ್ಮಿ ಎಂದ.

ತಪ್ಪು ಆದದ್ದು ಗರಗಸದಲ್ಲಿ. ಗೆರೆಯ ಹೊರಗೆ ಕೊಯ್ಯಬೇಕು, ಗೆರೆ ಹಲಗೆಯ ಮೇಲೆ ಉಳಿಯಬೇಕು ಎಂದು ಪಿಳ್ಳಪ್ಪ ಹೇಳಿದ್ದ. ಮೊದಲ ಹಲಗೆಯಲ್ಲಿ ಗರಗಸ ಗೆರೆಯನ್ನು ತಿಂದು, ಕೆಳಗೆ ಹೋಗುತ್ತ ಹೋಗುತ್ತ ಇನ್ನೂ ಒಳಕ್ಕೆ ಸರಿಯಿತು. ನೇರ ಮಾಡಲು ಮತ್ತೆ ಕೊಯ್ದಳು. ಅದೂ ಓರೆ. ಮೂರನೇ ಸಲಕ್ಕೆ ಹಲಗೆ ನಾಲ್ಕು ಬೆರಳು ಗಿಡ್ಡವಾಗಿತ್ತು. ಪಿಳ್ಳಪ್ಪ ಒಳಗಿನಿಂದ ಬಂದು, ಭುಜದಿಂದ ತಳ್ಳಬೇಡ, ರಸ್ತೆ ಗುಡಿಸುವ ಹಾಗೆ ಬೀಸಬೇಡ, ಎಳೆಯುವಾಗ ತೂಕ ಬಿಡು, ಕೊಯ್ಯುವುದು ಗರಗಸ, ನೀನಲ್ಲ ಎಂದ. ಗಿಡ್ಡವಾದ ಹಲಗೆಯನ್ನು ಅಡ್ಡಬದಿಗೆ ಹಾಕಿದರು, ಅಲ್ಲಿಗೂ ಅದು ತುಸು ಕಮ್ಮಿಯೇ. ಉದ್ದಬದಿಗೆ ಕಾಲಕಡೆಯ ಹಲಗೆ ತೆಗೆದುಕೊಂಡರು.

ಕೀಸುಳಿಯೇ ಸ್ವಲ್ಪ ಸಮಾಧಾನ ಕೊಟ್ಟ ಕೆಲಸ. ಎಪ್ಪತ್ತು ವರ್ಷದ ಕೊಳೆ, ಎಣ್ಣೆ, ಯಾರದೋ ತಲೆ ಒರಗಿ ಒರಗಿ ಕಪ್ಪಾದ ಗುರುತು, ಎಲ್ಲ ಸುರುಳಿಸುರುಳಿಯಾಗಿ ಬಂದು ಕಾಲ ಬಳಿ ಬಿತ್ತು. ಒಳಗಿಂದ ಅರಿಶಿನದ ಬಣ್ಣದ ಮರ ಕಂಡಿತು. ಮರದ ಎಳೆ ಎತ್ತ ಹೋಗುತ್ತದೋ ಅತ್ತಲೇ ಕೀಸಬೇಕು, ಎದುರಾಗಿ ಹೋದರೆ ಕಚ್ಚಿಕೊಳ್ಳುತ್ತದೆ. ಇದನ್ನು ಯಾರೂ ಹೇಳದೆ ಅವಳ ಕೈಗೇ ಗೊತ್ತಾಯಿತು. ಆದರೆ ಬೆಳಗ್ಗೆಯಿಂದ ಎಂಟು ಗಂಟೆ ಪೊರಕೆ ಹಿಡಿದ ಭುಜ ಅದು. ಹತ್ತು ಎಳೆತಕ್ಕೆ ಒಮ್ಮೆ ನಿಲ್ಲಬೇಕಾಗುತ್ತಿತ್ತು. ಒಂದೊಂದು ದಿನ ಹಿತ್ತಲಿಗೆ ಬಂದು, ಹಲಗೆಯ ಮೇಲೆ ಕೂತು, ಏನೂ ಮಾಡದೆ ಎದ್ದು ಹೋದದ್ದೂ ಇದೆ. ಲಕ್ಷ್ಮಿದೇವಮ್ಮ ಬೇಡ ಬಿಡು ಎಂದಳು. ನಾನೀಗ ಸೆರಗಿನಲ್ಲಿ ಬಿಸ್ಕತ್ತು ಕಟ್ಟಿಕೊಂಡೇ ಇರುತ್ತೇನೆ, ನನಗಾಗಿ ನೀನು ಯಾಕೆ ಸಾಯುತ್ತೀಯ ಎಂದಳು. ಮುನಿಯಕ್ಕ ನಿನಗಲ್ಲ, ನಮ್ಮೆಲ್ಲರಿಗೆ ಎಂದಳು. ಯಲ್ಲಯ್ಯನಿಗೆ ಮಾತ್ರ ಇನ್ನೊಂದು ಕಾರಣ ಹೇಳಿದಳಂತೆ. ರಸ್ತೆ ಎಷ್ಟು ಗುಡಿಸಿದರೂ ಮುಗಿಯುವುದಿಲ್ಲ, ಇದಾದರೂ ಒಂದು ದಿನ ಮುಗಿಯುತ್ತದೆ ಎಂದು.

ಕಷ್ಟವೆಂದರೆ ಮೂಲೆಗಳು. ಮೊಳೆ ಹೊಡೆದು ಕೂಡಿಸಿಬಿಡೋಣ ಎಂದಳು ಮುನಿಯಕ್ಕ. ಪಿಳ್ಳಪ್ಪ ಒಪ್ಪಲಿಲ್ಲ, ಬೀದಿಯಲ್ಲಿ ಇಡುವ ಪೆಟ್ಟಿಗೆ, ಬಿಸಿಲಿಗೆ ಹಲಗೆ ಎಳೆದುಕೊಂಡರೆ ಮೊಳೆ ನಿಲ್ಲುವುದಿಲ್ಲ, ಬೆರಳಿಗೆ ಬೆರಳು ಹೆಣೆದ ಹಾಗೆ ಹಲಗೆಗೆ ಹಲಗೆ ಕೂರಬೇಕು ಎಂದ. ಎರಡೂ ಹಲಗೆಯ ತುದಿಯಲ್ಲಿ ಐದೈದು ಹಲ್ಲು ಗುರುತು ಹಾಕಿ, ಗರಗಸದಲ್ಲಿ ಸೀಳಿ, ನಡುವಿನದನ್ನು ಉಳಿಯಿಂದ ಕೆತ್ತಿ ತೆಗೆಯುವುದು. ಒಂದು ಕಡೆಯಿಂದ ಅರ್ಧ, ತಿರುಗಿಸಿ ಇನ್ನೊಂದು ಕಡೆಯಿಂದ ಅರ್ಧ. ಮೊದಲ ಮೂಲೆಗೆ ಐದು ದಿನ ಬೇಕಾಯಿತು. ಸಂದುಗಳಲ್ಲಿ ಬೆಂಕಿಕಡ್ಡಿ ಹೋಗುವಷ್ಟು ಜಾಗ. ಎರಡನೆಯದು ನಾಲ್ಕು ದಿನ, ಸ್ವಲ್ಪ ಬಿಗಿ. ಮೂರನೆಯದು ಇನ್ನೂ ಬಿಗಿಯಾಗಿ ಬಂದಿತ್ತು. ಅವಳಿಗೆ ಒಳಗೊಳಗೇ ಹೆಮ್ಮೆಯಾಗಿ, ಪಿಳ್ಳಪ್ಪ ಬರುವ ತನಕ ಕಾಯದೆ ಕೊಡತಿಯಲ್ಲಿ ಬಡಿದು ಕೂರಿಸಲು ಹೋದಳು. ಹಲಗೆ ತುದಿಯಿಂದ ಗೇಣುದ್ದ ಸೀಳಿತು.

ಅದೇ ರಾತ್ರಿಯಿಂದ ಯಲ್ಲಯ್ಯನಿಗೆ ಉಸಿರು ಜಾಸ್ತಿಯಾಯಿತು. ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಹನ್ನೆರಡು ದಿನ. ಹಗಲು ಶಾಲಿನಿ ತಲಘಟ್ಟಪುರದಿಂದ ಎರಡು ಬಸ್ಸು ಹತ್ತಿ ಬಂದು ನೋಡಿಕೊಂಡಳು, ಸಂಜೆಯ ಮೇಲೆ ಮುನಿಯಕ್ಕ. ಬೆಳಗ್ಗೆ ಆಸ್ಪತ್ರೆಯಿಂದ ನೇರ ಪಾರ್ಕಿನ ಗೇಟಿಗೆ. ಒಂದು ದಿನ ರವಿಕಿರಣ್‌ನ ಮೊಬೈಲು ಅವಳ ಮುಖವನ್ನು ಗುರುತಿಸಲೇ ಇಲ್ಲ. ಮೂರು ಸಲ ಹಿಡಿದ. ಸ್ವಲ್ಪ ಮುಖ ತೊಳೆದುಕೊಂಡು ಬಾ ಅಕ್ಕ ಎಂದು ತನ್ನ ಬಾಟಲಿಯ ನೀರು ಕೊಟ್ಟ. ನಾಲ್ಕನೇ ಸಲಕ್ಕೆ ಹಸಿರು ಗುರುತು ಬಂತು.

ಯಲ್ಲಯ್ಯ ಮನೆಗೆ ಬಂದ, ಇನ್ನಷ್ಟು ಸೊರಗಿ. ಪೆಟ್ಟಿಗೆಯ ಮಾತನ್ನು ಮುನಿಯಕ್ಕ ಎತ್ತಲಿಲ್ಲ. ಮತ್ತೆ ಹತ್ತು ದಿನ ಪಿಳ್ಳಪ್ಪನ ಬೀದಿಯ ಕಡೆಯೇ ಹೋಗಲಿಲ್ಲ. ಹಲಗೆ ಸೀಳಿದ್ದನ್ನು ಅವನಿಗೆ ಹೇಳಲು ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಸುಸ್ತು. ಯಲ್ಲಯ್ಯನೇ ಒಂದು ಮಧ್ಯಾಹ್ನ ಉಳಿಗಳು ಎಲ್ಲಿ ಎಂದು ಕೇಳಿದ. ಅಂಗಡಿಯಲ್ಲೇ ಇವೆ ಎಂದಳು. ತೇವದಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತವೆ, ಆರು ದಿನ ತಿಕ್ಕಿದ್ದೇನೆ ಎಂದ. ಅವುಗಳನ್ನು ತರಲೆಂದು ಅವಳು ಹೋದಳು.

ಹಿತ್ತಲಿನಲ್ಲಿ ಹಲಗೆಗಳು ಅವಳು ಬಿಟ್ಟ ಹಾಗೇ ಇರಲಿಲ್ಲ. ಸೀಳಿದ ಹಲಗೆಗೆ ಗೋಂದು ತುಂಬಿ, ಬಟ್ಟೆ ಸುತ್ತಿ, ಎರಡು ಕಡೆಯಿಂದ ಬೆಣೆ ಬಿಗಿದು ನಿಲ್ಲಿಸಿದ್ದರು. ಪಿಳ್ಳಪ್ಪ ಮೆಷಿನ್ ನಿಲ್ಲಿಸಿ ಬಂದ.

“ಕೈ ಹಾಕಲ್ಲ ಅಂದಿದ್ರಿ,” ಎಂದಳು ಮುನಿಯಕ್ಕ.

“ಹಾಕಿಲ್ಲ. ಗೋಂದು ಹಚ್ಚಿದೀನಿ ಅಷ್ಟೇ,” ಎಂದ ಅವನು. ತಾನು ಮೊದಲು ಮಾಡಿದ ಕಿಟಕಿಯ ಚೌಕಟ್ಟು ಎರಡು ಸಲ ಸೀಳಿತ್ತು, ಕೆಲಸ ಕಲಿಸಿದ ತನ್ನ ಅಣ್ಣ ಅದನ್ನು ಎಲ್ಲರಿಗೂ ಕಾಣುವ ಹಾಗೆ ಅಂಗಡಿಯ ಮುಂದೆ ನಿಲ್ಲಿಸಿದ್ದ ಎಂದು ಹೇಳಿದ. ಅವಳು ಉಳಿಗಳನ್ನು ಮನೆಗೆ ಒಯ್ಯಲಿಲ್ಲ. ಅಂದೇ ನಾಲ್ಕನೇ ಮೂಲೆಗೆ ಗುರುತು ಹಾಕಿದಳು.

ಮಾರ್ಚಿನ ಎರಡನೇ ವಾರದಲ್ಲಿ ನಾಲ್ಕೂ ಬದಿ ಕೂಡಿದವು. ಮೂಲೆಯಿಂದ ಮೂಲೆಗೆ ದಾರ ಹಿಡಿದು, ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದರೆ ಸಮ ಬರಬೇಕು. ಅರ್ಧ ಬೆರಳು ಹೆಚ್ಚುಕಮ್ಮಿ ಬಂತು. ಪಿಳ್ಳಪ್ಪ ತಲೆಯಾಡಿಸಿದ, ಸರಿಮಾಡು ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಅವಳು ಹಗ್ಗ ಸುತ್ತಿ ಎಳೆದು ಕಟ್ಟಿ ಸ್ವಲ್ಪ ಸರಿಪಡಿಸಿದಳು. ತಳಕ್ಕೆ ಮಂಚದ ಪಟ್ಟಿಗಳು. ಮುಚ್ಚಳಕ್ಕೆ ಎರಡು ಹಲಗೆ ಕೂಡಿಸಿ ಒಳಗಿನಿಂದ ಅಡ್ಡಪಟ್ಟಿ. ಚೀಲದ ತಳದಲ್ಲಿ ಕಾಗದ ಸುತ್ತಿದ ಎರಡು ಹಿತ್ತಾಳೆ ಕೀಲುಗಳಿದ್ದವು, ಅವೇ ಆದವು. ಕೊನೆಯ ತಿರುಪು ಬಿಗಿದ ಮೇಲೆ ಮುಚ್ಚಳ ಮುಚ್ಚಿದರೆ ಒಂದು ಕಡೆ ಬೆರಳು ದಪ್ಪ ಎದ್ದೇ ನಿಂತಿತು. ಮತ್ತೆ ಕೀಸಿ, ಮತ್ತೆ ಮುಚ್ಚಿ, ಮೂರು ದಿನ ಅದರಲ್ಲೇ ಕಳೆಯಿತು.

ಯುಗಾದಿಯ ಹಿಂದಿನ ದಿನ ಪಿಳ್ಳಪ್ಪ ತನ್ನ ಸಾಮಾನಿನ ಆಟೋದಲ್ಲಿ ಪೆಟ್ಟಿಗೆಯನ್ನು ಮುನಿಯಕ್ಕನ ಮನೆಗೆ ಕಳಿಸಿದ. ಹೊಟ್ಟೆಲ್ಲ ಒರೆಸಿ, ಎಣ್ಣೆ ಬಳಿದು ಒಣಗಿಸಿದ್ದರಿಂದ ಯಲ್ಲಯ್ಯನ ಹತ್ತಿರ ಇಡಬಹುದಿತ್ತು. ಅವನು ಅದನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಮೆಟ್ಟಿಲಿನಿಂದ ಕೆಳಗಿಳಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನೆಲ ಪಾಲಿಶ್ ಮಾಡಿ ಮುಗಿಸಿದ ಮೇಲೆ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಮುಚ್ಚಳದ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆದ. ಎರಡು ಸಲ ಹಾಗೆ ಮಾಡಿ, ನಡುವೆ ಒಂದು ಕಡೆ ಬೆರಳು ನಿಲ್ಲಿಸಿದ.

“ಇಲ್ಲಿ ಅಲೆ ಐತೆ,” ಎಂದ.

ಮುನಿಯಕ್ಕ ಗೊತ್ತು ಎಂದಳು. ಅಲ್ಲಿ ಒಂದು ಗಂಟಿತ್ತು, ಕೀಸುಳಿ ಹತ್ತಿರ ಹೋದರೆ ಹಾರಿ, ಅಲ್ಲಿ ಏರುತಗ್ಗು ಉಳಿದಿತ್ತು. ಅವನು ಹೇಳಿದ್ದು ಬೈಗುಳವಲ್ಲ ಎಂದು ಅವಳಿಗೆ ತಿಳಿದಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳ ಕೆಲಸವನ್ನು ಅವನು ಹೀಗೆ ಕೈಯಿಟ್ಟು ನೋಡಿದ್ದು ಇದೇ ಮೊದಲು. ಇನ್ನೂ ಏನಾದರೂ ಹೇಳುತ್ತಾನೋ ಎಂದು ಕಾದಳು. ಅವನಿಗೆ ಏದುಸಿರು ಬಂದಿತ್ತು. ತೋಳು ಹಿಡಿದು ಎಬ್ಬಿಸಿ ಮೆಟ್ಟಿಲ ಮೇಲೆ ಕೂರಿಸಿದಳು.

ಹಬ್ಬ ಕಳೆದ ಮೇಲೆ ಪೆಟ್ಟಿಗೆ ಪಾರ್ಕಿನ ಗೇಟಿನ ಪಕ್ಕ, ಹೊಂಗೆ ಮರದ ಕೆಳಗೆ ಬಂದು ಕೂತಿತು. ಕೆಳಗೆ ಎರಡು ಇಟ್ಟಿಗೆ. ಆರು ಕ್ಯಾರಿಯರ್‌ಗಳೂ ಹಿಡಿಸಿದವು. ಅಡ್ಡಬದಿ ಗಿಡ್ಡವಾಗಿದ್ದಕ್ಕೆ ಒಂದನ್ನು ಮಲಗಿಸಿ ಇಡಬೇಕಾಗುತ್ತಿತ್ತು, ಆ ದಿನ ಯಾರ ಊಟದಲ್ಲಿ ಸಾರಿಲ್ಲವೋ ಅವರದನ್ನು. ಹೆಂಗಸರು ಒಬ್ಬೊಬ್ಬರೂ ಮುಚ್ಚಳ ತೆಗೆದು ಮುಚ್ಚಿ ನೋಡಿದರು. ಲಕ್ಷ್ಮಿದೇವಮ್ಮ ಮೂಲೆಯ ಹಲ್ಲುಗಳನ್ನು ಬೆರಳಲ್ಲಿ ಎಣಿಸಿದಳು. ವಾಕಿಂಗ್ ಬರುವ ಒಬ್ಬರು ಇದನ್ನು ಎಲ್ಲಿ ತೆಗೆದುಕೊಂಡಿರಿ ಎಂದು ವಿಚಾರಿಸಿದರು. ಮುನಿಯಕ್ಕನೇ ಮಾಡಿದ್ದು ಎಂದರೆ ಅವರು ನಗುತ್ತ ಮುಂದೆ ಹೋದರು, ನಂಬಿದ ಹಾಗೆ ಕಾಣಲಿಲ್ಲ.

ಹದಿನೈದು ದಿನವೂ ಆಗಿರಲಿಲ್ಲ. ಯಾರೋ ಪೆಟ್ಟಿಗೆಯ ಫೋಟೊ ತೆಗೆದು, ಫುಟ್‌ಪಾತಿನ ಮೇಲೆ ಸಾಮಾನು ಇಟ್ಟಿದ್ದಾರೆ ಎಂದು ಏರಿಯಾದ ಗ್ರೂಪಿಗೆ ಹಾಕಿದರು. ಅದು ರವಿಕಿರಣ್‌ನ ಮೇಲಿನವರಿಗೆ ಹೋಗಿ, ಅಲ್ಲಿಂದ ಅವನಿಗೆ ಬಂತು. ಅವನು ಬೈಕಿನಿಂದ ಇಳಿಯದೆ ವಿಷಯ ಹೇಳಿದ. ಇವತ್ತೇ ತೆಗೆಯಬೇಕಂತೆ, ಇಲ್ಲದಿದ್ದರೆ ಲಾರಿಗೆ ಹಾಕಿಸು ಅಂದಿದ್ದಾರೆ ಎಂದ. ಕಸದ ಲಾರಿ ಹನ್ನೊಂದಕ್ಕೆ ಬರುತ್ತದೆ. ಒಬ್ಬಳು ಅಳತೊಡಗಿದಳು, ಇನ್ನೊಬ್ಬಳು ಬೈದಳು. ಮುನಿಯಕ್ಕ ಎರಡೂ ಮಾಡಲಿಲ್ಲ. ಪೆಟ್ಟಿಗೆಯ ಮೇಲೆ ಕೂತಳು.

“ಏಳಕ್ಕ, ನನ್ ಕೆಲ್ಸಕ್ಕೆ ಕುತ್ತು ತರ್ಬೇಡ,” ಎಂದ ರವಿಕಿರಣ್.

“ಐದ್ ನಿಮಿಷ ಕೂತ್ಕೋತೀನಿ ಸಾರ್. ಆಮೇಲೆ ತೆಗೀತೀನಿ. ಎಲ್ಲಿಗೆ ಅಂತ ಯೋಚ್ನೆ ಮಾಡ್ಬೇಕಲ್ಲ.”

ಅವನು ಬೈಕು ಆಫ್ ಮಾಡಿದ. ಐದು ನಿಮಿಷವಲ್ಲ, ಹತ್ತು ನಿಮಿಷವೇ ಆಯಿತು, ಅವನೂ ನಿಂತೇ ಇದ್ದ. ಕೊನೆಗೆ ಮೂಲೆಯಿಂದ ಹನುಮಯ್ಯ ಕರೆದ. ತನ್ನ ಇಸ್ತ್ರಿ ಗಾಡಿಯ ಕೆಳಗೆ ಇದ್ದಿಲ ಚೀಲ ಇರುವ ಜಾಗವಿದೆ, ಚೀಲವನ್ನು ಮೇಲೆ ಕಟ್ಟಿಕೊಳ್ಳುತ್ತೇನೆ, ತಂದಿಡಿ ಎಂದ. ಗಾಡಿ ಇರುವುದು ಒಂದು ಮನೆಯ ಕಾಂಪೌಂಡು ಒಳಕ್ಕೆ ಸರಿದ ಜಾಗದಲ್ಲಿ, ಫುಟ್‌ಪಾತಿನಿಂದ ಹೊರಗೆ, ಮನೆಯವರು ಇಪ್ಪತ್ತು ವರ್ಷದಿಂದ ಏನೂ ಅಂದಿಲ್ಲ. ನಾಲ್ಕು ಜನ ಹೆಂಗಸರು ಒಂದೊಂದು ಮೂಲೆ ಹಿಡಿದು ಎತ್ತಿಕೊಂಡು ಹೋದರು. ಗಾಡಿಯ ಕೆಳಗೆ ಅದು ತುಸು ಓರೆಯಾಗಿ ಕೂತಿತು. ಮುಚ್ಚಳ ಪೂರ್ತಿ ತೆರೆಯಲು ಪ್ರತಿಸಲವೂ ಹೊರಗೆ ಎಳೆದುಕೊಳ್ಳಬೇಕು. ರವಿಕಿರಣ್ ಖಾಲಿಯಾದ ಜಾಗದ ಫೋಟೊ ತೆಗೆದು ಮೇಲಕ್ಕೆ ಕಳಿಸಿ ಹೋದ.

ಅಲ್ಲಿಂದೀಚೆಗೆ ಊಟ ನಾಯಿಪಾಲಾಗಿಲ್ಲ. ಪಕ್ಕದ ವಾರ್ಡಿನ ಹೆಂಗಸರು ನಮಗೂ ಒಂದು ಮಾಡಿಕೊಡು ಎಂದು ಕೇಳಿಕೊಂಡು ಬಂದರು. ಮುನಿಯಕ್ಕ ತನ್ನ ಭುಜ ತೋರಿಸಿದಳು. ಬೇಕಾದರೆ ಉಳಿಗಳನ್ನು ಕೊಡುತ್ತೇನೆ, ನನ್ನ ಗಂಡ ಹರಿತ ಮಾಡಿಕೊಡುತ್ತಾನೆ, ಪಿಳ್ಳಪ್ಪನ ಹಿತ್ತಲು ತೋರಿಸುತ್ತೇನೆ ಎಂದಳು. ಅವರು ನೋಡೋಣ ಎಂದು ಹೋದವರು ಇನ್ನೂ ಬಂದಿಲ್ಲ.

ಸೆಪ್ಟೆಂಬರಿನಲ್ಲಿ ಕೆಲಸದ ಹಂಚಿಕೆ ಬದಲಾಯಿತು. ಆರು ಜನರಲ್ಲಿ ಇಬ್ಬರನ್ನು ಬೇರೆ ಕಡೆಗೆ ಹಾಕಿದರು.

ಲಕ್ಷ್ಮಿದೇವಮ್ಮನಿಗೆ ಜರಗನಹಳ್ಳಿಯ ಹತ್ತಿರ ಕನಕಪುರ ರಸ್ತೆಯ ಬದಿ ಬಂತು. ಬಸ್ಸುಗಳ ನಡುವೆ ಗುಡಿಸಬೇಕು, ಮರವಿಲ್ಲ, ಕಂಬಿಯೂ ಇಲ್ಲ. ಹೊರಡುವ ದಿನ ಮುನಿಯಕ್ಕ ಪೆಟ್ಟಿಗೆಯನ್ನು ಅಲ್ಲಿಗೇ ತೆಗೆದುಕೊಂಡು ಹೋಗು ಎಂದಳು. ಇಡಲು ಜಾಗವೆಲ್ಲಿದೆ ಎಂದಳು ಲಕ್ಷ್ಮಿದೇವಮ್ಮ.

ಈಗ ದಿನಾ ಹತ್ತೂವರೆಗೆ ಮುನಿಯಕ್ಕ ಅವಳಿಗೆ ಫೋನು ಮಾಡುತ್ತಾಳೆ. ತಿಂದೆಯಾ ಎಂದು ಕೇಳುತ್ತಾಳೆ. ತಿಂದೆ ಎನ್ನುತ್ತಾಳೆ ಲಕ್ಷ್ಮಿದೇವಮ್ಮ. ಹಿಂದೆ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಒಂದೊಂದು ದಿನ ಪೊರಕೆಯ ಸದ್ದೂ ಕೇಳಿಸುತ್ತದೆ, ಆಗ ಮುನಿಯಕ್ಕ ಇನ್ನೊಂದು ಸಲ ಕೇಳುತ್ತಾಳೆ. ತಿಂದೆ ಕಣಕ್ಕ ಎಂದು ಮತ್ತೆ ಅದೇ ಮಾತು ಬರುತ್ತದೆ. ಫೋನಿನಲ್ಲಿ ಇನ್ನೇನು ಮಾಡಲಾದೀತು. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಹನುಮಯ್ಯನ ಗಾಡಿಯ ಕೆಳಗೆ ಬಗ್ಗಿ, ತನ್ನ ಊಟ ತೆಗೆದುಕೊಂಡು ಕಾಂಪೌಂಡಿಗೆ ಒರಗಿ ಕೂರುತ್ತಾಳೆ. ಹನ್ನೊಂದಕ್ಕೆ ಲಾರಿ ಬರುತ್ತದೆ.